ಪರ್ವದಿನದ ಸಮುದ್ರ

ನಮ್ಮ ಮನೆಯ ಬಾಗಿಲಿನಿಂದ ಸಮುದ್ರಕ್ಕೆ ಒಂದೇ ಒಂದು ಇಳಿಜಾರಿನ ಓಣಿ. ಓಣಿಯ ಕೊನೆಯಲ್ಲಿ ಐಸ್‌ಕ್ರೀಮ್ ಅಂಗಡಿ, ಅದರಾಚೆ ಮರಳು, ಮರಳಿನಾಚೆ ನೀರು. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅದರ ಸದ್ದು ಕಿವಿಗೆ ಬೀಳುತ್ತಿತ್ತು, ಉಪ್ಪಿನ ವಾಸನೆ ದಿಂಬಿನಲ್ಲೇ ಇರುತ್ತಿತ್ತು. ಇಂಥ ಮನೆಯಲ್ಲಿ ಬೆಳೆದ ನನಗೆ ಆ ಸಮುದ್ರವನ್ನು ಮುಟ್ಟುವ ಅಪ್ಪಣೆ ಇದ್ದದ್ದು ತಿಂಗಳಿಗೆ ಎರಡು ದಿನ: ಅಮಾವಾಸ್ಯೆ ಮತ್ತು ಹುಣ್ಣಿಮೆ. ಹೇಳಿದರೆ ಯಾರೂ ನಂಬುವುದಿಲ್ಲ. ಇಲ್ಲಿ, ಪೆಸಿಫಿಕ್ ಕರಾವಳಿಯ ಹತ್ತಿರದ ಸ್ಯಾನ್ ರಮೋನಿನಲ್ಲಿ, ನನ್ನ ವಾಕಿಂಗ್ ಗೆಳತಿಯರ ಮುಂದೆ ಒಮ್ಮೆ ಬಾಯಿಬಿಟ್ಟೆ. "ಇಂಗ್ಲೆಂಡಲ್ಲಾ? ಪಂಚಾಂಗ ನೋಡ್ಕೊಂಡು ಬೀಚಿಗಾ? ಸುಮ್ನಿರ್ರೀ" ಎಂದು ನಕ್ಕುಬಿಟ್ಟರು. ನಗಲಿ ಬಿಡಿ. ಅವರಿಗೆ ಸಮುದ್ರವೆಂದರೆ ಶನಿವಾರ ಹಾಫ್ ಮೂನ್ ಬೇಯಲ್ಲಿ ಪಾರ್ಕಿಂಗು ಸಿಗುತ್ತದೋ ಇಲ್ಲವೋ ಎನ್ನುವ ಚಿಂತೆ ಅಷ್ಟೆ. ನನಗೆ ಅರವತ್ತು ದಾಟಿ ಎಷ್ಟೋ ಕಾಲವಾದ ಮೇಲೂ, ಯಾವ ದಡದಲ್ಲೇ ಆಗಲಿ, ನೀರಿಗೆ ಕಾಲಿಡುವ ಮುಂಚೆ ಒಳಗೊಳಗೇ ಒಂದು ಅಳುಕು: ಇವತ್ತು ಏನು ತಿಥಿ?

ಅಪ್ಪ ಮೈಸೂರಿನವರು. ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರು. ಪಟ್ಟಣದಲ್ಲಿ ಮನೆ ಸಿಗದೆ ಪಕ್ಕದ ಕಡಲ ಹಳ್ಳಿಯಲ್ಲಿ ಹಿಡಿದಿದ್ದರು. ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ಮುಂದಿನ ಕೋಣೆಗೆ ಹೊಟ್ಟೆ ಮುಂದೆ ಮಾಡಿಕೊಂಡ ದೊಡ್ಡ ಕಿಟಕಿ, ಹಿಂದೆ ಅಡುಗೆಮನೆ, ಮಹಡಿಯಲ್ಲಿ ಮಲಗುವ ಕೋಣೆಗಳು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅಪ್ಪನ ತಾಯಿ, ನನ್ನ ಅಜ್ಜಿ, ಮೈಸೂರಿನ ಮನೆಗೆ ಬೀಗ ಹಾಕಿ ಮಗನ ಹತ್ತಿರ ಬಂದಿದ್ದಳು. ಆ ಅಡುಗೆಮನೆಯ ಸೂರಿನಲ್ಲಿ ಹಗ್ಗ ಎಳೆದು ಏರಿಸಿ ಇಳಿಸುವ ಮರದ ಗಳುಗಳಿದ್ದವು. ಮಳೆಯ ದೇಶವಲ್ಲವೇ, ಒದ್ದೆ ಬಟ್ಟೆ ಒಣಗಿಸಲು ಆ ಕಡೆಯ ಮನೆಗಳಲ್ಲೆಲ್ಲ ಇರುವಂಥದು. ಬಂದ ಮೊದಲ ದಿನ ಅಜ್ಜಿ ಅದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳಂತೆ.

"ಪರವಾಗಿಲ್ವೇ! ಈ ಜನಕ್ಕೂ ಮಡಿ ಅನ್ನೋದು ಗೊತ್ತಿದೆ."

ಅಂದಿನಿಂದ ಆ ಗಳು ಅವಳದು. ಅವಳ ಕಂದು ರೇಷ್ಮೆಯ ಮಡಿಸೀರೆ ಯಾರ ಕೈಗೂ ಸಿಗದಂತೆ ನಮ್ಮ ತಲೆಯ ಮೇಲೆ ತೂಗುತ್ತಿತ್ತು, ಕೆಳಗೆ ನಾವು ಕುಳಿತು ಊಟ ಮಾಡುತ್ತಿದ್ದೆವು. ಹುಣಸೆಹಣ್ಣು ತೀರಿದಾಗ ಅಜ್ಜಿ ಹಿತ್ತಿಲಿನ ರೂಬಾರ್ಬ್ ಕಡ್ಡಿ ಮುರಿದು ತಂದು ಗೊಜ್ಜು ಮಾಡುತ್ತಿದ್ದಳು. ಇಂಗ್ಲಿಷರು ಸಕ್ಕರೆ ಸುರಿದು ತಿನ್ನುವ ಆ ಹುಳಿಕಡ್ಡಿಗೆ ಮೆಂತ್ಯ, ಇಂಗಿನ ಒಗ್ಗರಣೆ ಬಿದ್ದರೆ ಏನಾಗುತ್ತದೆ ಎನ್ನುವುದು ತಿಂದವರಿಗೇ ಗೊತ್ತು. ಈಗ ಇಲ್ಲಿನ ಗ್ರೋಸರಿ ಅಂಗಡಿಯಲ್ಲಿ ಆ ಕೆಂಪು ಕಡ್ಡಿಗಳು ಕಂಡರೆ ತಂದೇ ತರುತ್ತೇನೆ. ಮಾಡುತ್ತೇನೆ, ಮನೆಯವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ನನಗೆ ಮಾತ್ರ ಏನೋ ಕಡಿಮೆ. ಆ ಅಡುಗೆಮನೆ ಕಡಿಮೆ, ಇನ್ನೇನು.

ಅಮ್ಮ ಮಂಡ್ಯದ ಕಡೆಯ ಹಳ್ಳಿಯೊಂದರ ಶಾನುಭೋಗರ ಮಗಳು. ಇಪ್ಪತ್ತು ತುಂಬುವುದರೊಳಗೆ ನನ್ನನ್ನು ಹೆತ್ತವಳು. ನನ್ನ ಕಣ್ಣಿಗೆ ದೊಡ್ಡವಳಾಗಿ ಕಂಡರೂ ಈಗ ಲೆಕ್ಕ ಹಾಕಿದರೆ ಇನ್ನೂ ಹುಡುಗಿಯೇ. ಕೆಲಸ ಮುಗಿದ ಕೂಡಲೇ ಮುಂದಿನ ಕೋಣೆಯ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಅಲ್ಲಿಂದ ಓಣಿಯ ತುದಿಯಲ್ಲಿ ಒಂದು ಚೂರು ನೀರು ಕಾಣುತ್ತಿತ್ತು. ಪಕ್ಕದ ಮನೆಯ ಮಿಸೆಸ್ ಹ್ಯಾಡ್ಲಿ ಎಂಬ ಒಂಟಿ ಹೆಂಗಸು ದಿನಾ ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡು ಈಜಲು ಇಳಿಯುತ್ತಿದ್ದಳು. ಅಮ್ಮ ಅವಳು ಹೋಗುವುದನ್ನೂ ನೋಡುತ್ತಿದ್ದಳು, ತಲೆ ಒದ್ದೆ ಮಾಡಿಕೊಂಡು ವಾಪಸು ಬರುವುದನ್ನೂ ನೋಡುತ್ತಿದ್ದಳು. ಒಲೆಯ ಮೇಲಿನ ಹಾಲು ಉಕ್ಕುವುದು ಆ ಹೊತ್ತಿನಲ್ಲೇ. ಅಜ್ಜಿ ಅಡುಗೆಮನೆಯಿಂದ ಕೂಗುತ್ತಿದ್ದಳು:

"ಏನೇ ಕಮಲಾ, ಕಿಟಕಿಗೆ ಮೊಳೆ ಹೊಡ್ಸಿಕೊಂಡಿದೀಯಾ?"

ಬೇರೆ ಮಕ್ಕಳು ರಜೆಗೆ ಸಮುದ್ರಕ್ಕೆ ಹೋಗುತ್ತಾರೆ. ನಮ್ಮ ಮನೆಗೆ ರಜೆಯೇ ನಡೆದುಕೊಂಡು ಬರುತ್ತಿತ್ತು. ಆಗಸ್ಟ್ ಬಂತೆಂದರೆ ಒಳನಾಡಿನ ಊರುಗಳಲ್ಲಿದ್ದ ಕನ್ನಡದ ಡಾಕ್ಟರುಗಳ ಸಂಸಾರಗಳು ಒಂದಾದ ಮೇಲೊಂದು ಬಂದು ಇಳಿಯುತ್ತಿದ್ದವು. ಮುಂದಿನ ಕೋಣೆಯ ತುಂಬ ಹಾಸಿಗೆ, ಮಹಡಿಯ ಮೆಟ್ಟಿಲಿನ ಮೇಲೆಲ್ಲ ಮರಳು, ಸ್ನಾನದ ಮನೆಯ ಮುಂದೆ ಕ್ಯೂ. ಅಮ್ಮ ಚಿತ್ರಾನ್ನ, ಮೊಸರನ್ನ ಕಲಸಿ ಬಿಸ್ಕತ್ತಿನ ಡಬ್ಬಗಳಿಗೆ ತುಂಬಿಕೊಡುತ್ತಿದ್ದಳು. ಗಾಳಿಗೆ ಅಡ್ಡ ನೆಡುವ ಪಟ್ಟೆಪಟ್ಟೆ ಬಟ್ಟೆಯ ಮರೆಯಲ್ಲಿ ಸ್ವೆಟರು ಹಾಕಿಕೊಂಡು ಕುಳಿತು, ಹಲ್ಲಿಗೆ ಮರಳು ಸಿಕ್ಕಿಸಿಕೊಳ್ಳುತ್ತ ತಿನ್ನುವುದು ನಮ್ಮ ಪಿಕ್‌ನಿಕ್ಕು. ಆಮೇಲೆ ಬಂದ ಮಕ್ಕಳೆಲ್ಲ ಹೋ ಎಂದು ನೀರಿಗೆ ಓಡುವರು. ಅವರ ಮನೆಗಳಲ್ಲಿ ಅಜ್ಜಿ ಇರಲಿಲ್ಲ. ನಾನು ಒಣಗಿದ ಕಾಲಿನಲ್ಲಿ ಬಕೀಟು ಹಿಡಿದು ನಿಲ್ಲುತ್ತಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವುದರ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ತು ಗೋಳಾಡಿದರೆ ಅಜ್ಜಿಯ ಉತ್ತರ ಒಂದೇ:

"ಅಶ್ವತ್ಥದ ಮರ, ಸಮುದ್ರ, ಎರಡನ್ನೂ ಕಂಡಕಂಡ ದಿನ ಮುಟ್ಟಬಾರದು ಪುಟ್ಟಾ. ಮರಕ್ಕೆ ಶನಿವಾರ, ಸಮುದ್ರಕ್ಕೆ ಪರ್ವದಿನ. ಅದು ದೊಡ್ಡೋರ ಮನೆ ಇದ್ದ ಹಾಗೆ. ಕರೆದ ದಿನ ಹೋಗಬೇಕು."

ಅಪ್ಪ ಪೇಪರಿನ ಮರೆಯಿಂದ ಅಮ್ಮನಿಗೆ ಕೇಳುವ ಹಾಗೆ ಗೊಣಗುತ್ತಿದ್ದರು, ವಿಮಾನದಲ್ಲಿ ಏಳು ಸಮುದ್ರ ಹಾರಿ ಬಂದವರಿಗೆ ಕಾಲು ನೆನೆಸಲಿಕ್ಕೆ ಮುಹೂರ್ತ ಬೇಕಂತೆ ಎಂದು. ಒಮ್ಮೆ ಅಜ್ಜಿಯನ್ನು ನೇರವಾಗಿಯೇ ಕೆಣಕಿದರು.

"ನಿನ್ನ ಪಂಚಾಂಗ ಮೈಸೂರಿಂದಮ್ಮಾ. ಇಲ್ಲಿ ಸೂರ್ಯ ಹುಟ್ಟೋ ಹೊತ್ತೇ ಬೇರೆ."

"ಚಂದ್ರ ಎರಡಿದಾನೇನೋ?" ಎಂದಳು ಅಜ್ಜಿ. ಅಪ್ಪ ಪೇಪರಿನೊಳಗೆ ಹೋದರು.

ಹಾಗೆಂದು ಪರ್ವದಿನಗಳು ಕಡಿಮೆಯವೇನಲ್ಲ. ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಮೂವರೂ ಹೊರಡುತ್ತಿದ್ದೆವು, ಅಜ್ಜಿ, ಅಮ್ಮ, ನಾನು. ವಿಚಿತ್ರವೆಂದರೆ ಅಮಾವಾಸ್ಯೆ ಹುಣ್ಣಿಮೆಯ ಬೆಳಿಗ್ಗೆ ಸಮುದ್ರ ತಾನಾಗಿಯೇ ಐಸ್‌ಕ್ರೀಮ್ ಅಂಗಡಿಯ ಮೆಟ್ಟಿಲವರೆಗೂ ಬಂದು ನಿಂತಿರುತ್ತಿತ್ತು. ಅಜ್ಜಿ ಅದನ್ನು ಸಮುದ್ರರಾಜ ತನಗೆ ತೋರುವ ಮರ್ಯಾದೆ ಎಂದೇ ತಿಳಿದಿದ್ದಳು. ನಡುಗುತ್ತ ಸಂಕಲ್ಪ ಹೇಳಿ, ಮೂಗು ಹಿಡಿದು ಮೂರು ಮುಳುಗು ಹಾಕಿಸಿ, "ಸಾಕು, ಬನ್ನಿ" ಎಂದುಬಿಡುತ್ತಿದ್ದಳು. ಅಮ್ಮ ಮೂರನೆಯ ಮುಳುಗಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಒಳಗೇ ಇರುತ್ತಿದ್ದಳು. ನಾನು ಗಮನಿಸಿದ್ದೆ. ಅಜ್ಜಿಗೂ ಕಂಡಿರಬೇಕು.

ನಾನು ಎಂಟು ವರ್ಷದವಳಿದ್ದಾಗಿನ ಭೀಮನ ಅಮಾವಾಸ್ಯೆ. ಗಂಡನ ಕಾಲಿಗೆ ನಮಸ್ಕರಿಸದೆ ಅಮ್ಮನ ಪೂಜೆ ಮುಗಿಯುವಂತಿಲ್ಲ, ರಾತ್ರಿ ಪಾಳಿಗೆ ಹೋದ ಗಂಡ ಆಸ್ಪತ್ರೆಯಿಂದ ಬರುವಂತಿಲ್ಲ. ಅಪ್ಪ ಬಂದು, ಕಾಲು ನೀಡಿ, ಕಡುಬು ತಿಂದು, ಮಹಡಿ ಹತ್ತಿ ಮಲಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಸ್ನಾನ ತಪ್ಪಿಸಲಾಗದು ಎಂದು ಅಜ್ಜಿ ಆಗಲೇ ಹೊರಡಿಸಿದಳು. ಓಣಿ ಇಳಿದು ನೋಡಿದರೆ ಸಮುದ್ರವೇ ಇಲ್ಲ. ನೀರು ಹಿಂದೆ ಸರಿಯುವುದನ್ನು ದಿನಾ ನೋಡುತ್ತಿದ್ದೆವು, ನಿಜ. ಆದರೆ ಇಷ್ಟು ದೂರ ಹೋದದ್ದನ್ನು ಕಂಡಿರಲಿಲ್ಲ. ಕಣ್ಣು ಹಾಯುವವರೆಗೂ ಹೊಳೆಯುವ ಮರಳು, ತುದಿಯಲ್ಲೆಲ್ಲೋ ಬಿಳಿಯ ಗೀರು.

"ಎಲ್ಲೇ ಹೋಯ್ತು ಇದು? ಬೆಳಿಗ್ಗೆ ಬರ್ಲಿಲ್ಲ ಅಂತ ಕೋಪ ಮಾಡ್ಕೊಂಡಿದೆ. ನಡೀರಿ, ನಾವೇ ಹೋಗಣ" ಎಂದಳು ಅಜ್ಜಿ.

ನಡೆದೆವು. ದಾರಿಯಲ್ಲಿ ಒಂದು ತಗ್ಗು, ಪಾದ ಮುಳುಗುವಷ್ಟು ನೀರಿದ್ದ ಕಾಲುವೆಯಂಥದ್ದು. ಅದನ್ನು ದಾಟಿ ಮರಳಿನ ದಿಬ್ಬ ಹತ್ತಿ ಇಳಿದು ಸಮುದ್ರ ಮುಟ್ಟಿದೆವು. ಅಷ್ಟು ದೂರ ನಡೆದ ಮೇಲೆ ಅಜ್ಜಿಗೂ ಹುರುಪು. ಮುಳುಗು ಹಾಕಿ, ಅರ್ಘ್ಯ ಕೊಟ್ಟು, ನನಗೆ ಕಪ್ಪೆಚಿಪ್ಪು ಆರಿಸಲು ಬಿಟ್ಟಳು. ಅಮ್ಮ ಮಂಡಿಯವರೆಗೆ ನೀರಿನಲ್ಲಿ ನಿಂತು ದಿಗಂತ ನೋಡುತ್ತಿದ್ದಳು. ಯಾರೂ ಹಿಂದೆ ತಿರುಗಿ ನೋಡಲಿಲ್ಲ. ಕೊನೆಗೆ ದಿಬ್ಬ ಹತ್ತಿ ಊರಿನ ಕಡೆ ನೋಡಿದರೆ, ನಾವು ದಾಟಿ ಬಂದಿದ್ದ ತಗ್ಗು ತುಂಬಿ ಹೊಳೆಯಾಗಿತ್ತು. ಸಮುದ್ರ ನಮ್ಮ ಎದುರಿನಿಂದ ಬಂದಿರಲಿಲ್ಲ, ಪಕ್ಕದಿಂದ ಬಳಸಿಕೊಂಡು ಬೆನ್ನ ಹಿಂದೆ ಬಂದಿತ್ತು. ಆಚೆ ದಡದಲ್ಲಿ ಮಿಸೆಸ್ ಹ್ಯಾಡ್ಲಿ ಎರಡೂ ಕೈ ಬೀಸುತ್ತ ಏನೋ ಕೂಗುತ್ತಿದ್ದಳು. ಗಾಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಅಜ್ಜಿ ನನ್ನ ಭುಜ ಹಿಡಿದುಕೊಂಡಳು. ಆಗ ನನಗೆ ಹೆದರಿಕೆಯಾಯಿತು.

ಅಮ್ಮ ಸೀರೆಯನ್ನು ಕಚ್ಚೆ ಕಟ್ಟಿದಳು. ನನ್ನನ್ನು ಬೆನ್ನಿಗೆ ಹತ್ತಿಸಿಕೊಂಡು ನೀರಿಗಿಳಿದಳು. ಮೊದಲು ಸೊಂಟ, ಆಮೇಲೆ ಎದೆ, ಆಮೇಲೆ ಅವಳ ಕಾಲು ನೆಲ ಬಿಟ್ಟದ್ದು ನನಗೂ ಗೊತ್ತಾಯಿತು. ಅಮ್ಮ ಈಜುತ್ತಿದ್ದಳು! ಸೆಳೆತ ಎಳೆದ ಕಡೆ ಸ್ವಲ್ಪ ಹೋಗಿ, ಓರೆಯಾಗಿ ತಿರುಗಿ, ದಡ ಸೇರಿದಳು. ನನ್ನನ್ನು ಮಿಸೆಸ್ ಹ್ಯಾಡ್ಲಿಯ ಟವೆಲಿನೊಳಗೆ ತಳ್ಳಿ ಮತ್ತೆ ನೀರಿಗೆ ಬಿದ್ದಳು. ಆಚೆ ದಿಬ್ಬದ ಮೇಲೆ ಅಜ್ಜಿ ಒಬ್ಬಳೇ, ಒದ್ದೆ ಸೀರೆಯಲ್ಲಿ, ಇಷ್ಟೇ ಇಷ್ಟು ಕಾಣುತ್ತಿದ್ದಳು. ಅಮ್ಮ ಅವಳಿಗೆ ಹೇಳಿದ್ದು ಗಾಳಿ ತಿರುಗಿ ನನಗೂ ಕೇಳಿಸಿತು:

"ಜಡೆ ಹಿಡ್ಕೊಳ್ಳಿ ಅತ್ತೆ. ಕತ್ತು ಹಿಡೀಬೇಡಿ, ಜಡೆ. ಎಷ್ಟು ಎಳೆದ್ರೂ ಪರವಾಗಿಲ್ಲ."

ಸೊಸೆಯ ಜಡೆ ಹಿಡಿದು ನನ್ನ ಅಜ್ಜಿ ಆ ಹೊಳೆ ದಾಟಿದಳು. ದಡಕ್ಕೆ ಬಂದು ಕುಸಿದು ಕುಳಿತವಳನ್ನು ಮಿಸೆಸ್ ಹ್ಯಾಡ್ಲಿ ತನ್ನ ಟವೆಲಿನಲ್ಲಿ ಮೈಯೆಲ್ಲ ಉಜ್ಜಿದಳು. ಮಡಿ, ಮುಸುರೆ ಎಂದು ಅಜ್ಜಿ ಚಕಾರವೆತ್ತಲಿಲ್ಲ. ಉಸಿರು ಬಂದ ಮೇಲೆ ಕೇಳಿದ್ದು ಒಂದೇ:

"ಎಲ್ಲಿ ಕಲಿತೆ?"

"ನಾಲೇಲಿ. ಊರ ಮುಂದಿನ ನಾಲೇಲಿ. ದಿನಾ ಈಜ್ತಿದ್ದೆ, ಮದುವೆ ಆಗೋವರ್ಗೂ."

"ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ ಅತ್ತೆ."

ಮನೆಯಲ್ಲಿ ರಾದ್ಧಾಂತವಾಯಿತು. ಸೌಮ್ಯ ಸ್ವಭಾವದ ಅಪ್ಪ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೆದರಿದ್ದರು, ಪಾಪ. ಗಂಡಸರು ಹೆದರಿದರೆ ಕೂಗಾಡುತ್ತಾರೆ.

"ಇನ್ಮೇಲೆ ಈ ಮನೆಯಿಂದ ಯಾರೂ ಆ ನೀರಿಗೆ ಇಳೀಕೂಡದು. ಪರ್ವಾನೂ ಇಲ್ಲ, ಗಿರ್ವಾನೂ ಇಲ್ಲ. ಮುಗೀತು."

ಅಮ್ಮ ತಲೆ ತಗ್ಗಿಸಿ ಸಾರು ಬಡಿಸಿದಳು. ಮಾರನೆಯ ದಿನದಿಂದ ಅವಳು ಕಿಟಕಿಯ ಹತ್ತಿರ ನಿಲ್ಲುವುದನ್ನೇ ಬಿಟ್ಟಳು. ಅದು ನನಗೆ ಅಪ್ಪನ ಕೂಗಾಟಕ್ಕಿಂತ ಹೆಚ್ಚು ನೋಯಿಸಿತು. ಈಜಿದ್ದಕ್ಕೆ ಎಲ್ಲರೂ ಬದುಕಿದ್ದೆವು, ಈಜಿದವಳಿಗೇ ನೀರು ತಪ್ಪಿಹೋಗಿತ್ತು. ಅಜ್ಜಿ ಆ ಕಿಟಕಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ಹಾಲು ಉಕ್ಕುವುದು ನಿಂತಿತ್ತು. ಒಂದು ವಾರ ತಡೆದು, ಒಂದು ಬೆಳಿಗ್ಗೆ ಅಪ್ಪ ಕಾಫಿ ಕುಡಿಯುತ್ತಿದ್ದಾಗ ಎದುರಿಗೆ ಹೋಗಿ ಕುಳಿತಳು.

"ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳೇನೋ? ಅವಳಿಗೆ ನೀರು ಬೇಕು. ಕಳ್ಸು."

"ಅಮ್ಮಾ, ಸಾಯ್ತಿದ್ರಿ ನೀವೆಲ್ಲ."

"ಸಾಯ್ಲಿಲ್ಲ ತಾನೆ? ಯಾಕೆ ಸಾಯ್ಲಿಲ್ಲ ಹೇಳು ನೋಡಣ."

ಅಪ್ಪ ಬಹಳ ಹೊತ್ತು ಬಟ್ಟಲಿನಲ್ಲಿ ಚಮಚ ಆಡಿಸಿ, ಸೋತರೂ ಮರ್ಯಾದೆ ಉಳಿಸಿಕೊಳ್ಳಲು ಒಂದು ಷರತ್ತು ಹಾಕಿದರು. ಕಂಡಕಂಡ ದಿನ ಬೇಡ, ಪರ್ವದಿನ ಮಾತ್ರ, ಅದೂ ಮಿಸೆಸ್ ಹ್ಯಾಡ್ಲಿ ಜೊತೆಗಿದ್ದರೆ. ಆದರೆ ಅದೇ ಸಂಜೆ ಮಿಸೆಸ್ ಹ್ಯಾಡ್ಲಿ ನಮ್ಮನ್ನು ಬೈಯಲೆಂದೇ ಬಂದಳು. ಸಮುದ್ರ ಯಾವ ದಿನ ಎಷ್ಟು ಏರುತ್ತದೆ, ಇಳಿಯುತ್ತದೆ ಎಂದು ಅಚ್ಚು ಹಾಕಿದ ಒಂದು ಪುಸ್ತಕ ಅವಳ ಕೈಯಲ್ಲಿತ್ತು. ವರ್ಷಾನುಗಟ್ಟಲೆ ನೋಡುತ್ತಿದ್ದೇನೆ, ನೀವು ಸಮುದ್ರಕ್ಕೆ ಬರುವುದೇ ಅದು ಅತಿ ಜೋರಾಗಿರುವ ದಿನ ಆರಿಸಿಕೊಂಡು, ಏನು ಹುಚ್ಚು ನಿಮಗೆ, ಎಂದಳು. ನಾನು ಅಡುಗೆಮನೆಯ ಮೇಜಿನ ಪಕ್ಕ ನಿಂತು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ಬೈಗುಳ ಕೇಳಿ ಅಜ್ಜಿಯ ಮುಖ ಅರಳಿತು.

"ಇವರ ಪಂಚಾಂಗದಲ್ಲೂ ಅಮಾವಾಸ್ಯೆ ಹುಣ್ಣಿಮೇನೇ ದೊಡ್ಡದಾ? ಕೇಳೇ, ಚಿಕ್ಕದು ಯಾವತ್ತು ಅಂತ ಕೇಳು."

ಅರ್ಧ ಚಂದ್ರ ಇರುವಾಗ, ಆಗ ಸಮುದ್ರ ಸಾಧು, ಎಂದಳು ಮಿಸೆಸ್ ಹ್ಯಾಡ್ಲಿ. ಅಜ್ಜಿ ಮಡಿಲಿನಲ್ಲಿದ್ದ ತನ್ನ ಪಂಚಾಂಗದ ಹಾಳೆ ಮಗುಚಿ ಬೆರಳಿಟ್ಟಳು.

"ಅಷ್ಟಮಿ! ಅಷ್ಟಮೀನೂ ಪರ್ವಾನೇ. ಶಾಸ್ತ್ರದಲ್ಲೇ ಇದೆ. ನಿಮಗ್ಯಾರಿಗೂ ಗೊತ್ತಿಲ್ವಾ?"

ಅಲ್ಲಿಯವರೆಗೆ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಮೇಲಿನ ಬೇಸಿಗೆಗಳನ್ನು ಏನೆಂದು ಹೇಳಲಿ? ಈಗಲೂ ಮನಸ್ಸು ಕೆಟ್ಟ ದಿನ ನಾನು ಅಲ್ಲಿಗೇ ಹೋಗಿ ಕೂರುವುದು. ಮಿಸೆಸ್ ಹ್ಯಾಡ್ಲಿ ಕೊಟ್ಟ ನೀಲಿ ಈಜುಡುಗೆ ಹಾಕಿ, ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು ಅಮ್ಮ ಓಣಿ ಇಳಿಯುತ್ತಿದ್ದಳು. ದಡದಲ್ಲಿ ಅಂಗಿ ತೆಗೆದು ಅಜ್ಜಿಯ ಕೈಗೆ ಕೊಟ್ಟು, ಹಿಂದೆ ನೋಡದೆ ನಡೆದು ನೀರಿಗೆ ಸೇರಿಬಿಡುತ್ತಿದ್ದಳು. ಅಜ್ಜಿ ಒಣಗಿದ ಸೀರೆ ಎದೆಗೆ ಅವುಚಿಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು, ಆ ಕರಿಯ ತಲೆ ದಡಕ್ಕೆ ಮರಳುವವರೆಗೂ ಒಂದೇ ಕಡೆ ನಿಂತಿರುತ್ತಿದ್ದಳು. ಅಲೆಗೆ ತಲೆ ಮರೆಯಾದರೆ "ರಾಮ ರಾಮ" ಎನ್ನುವಳು, ಕಂಡರೆ "ಇದಾಳೆ" ಎನ್ನುವಳು. ಅಮ್ಮ ಬರುವಾಗ ತುಟಿ ನೀಲಿ, ಕಣ್ಣು ಕೆಂಪು, ಮುಖದ ತುಂಬ ನಗು. ಮನೆಗೆ ಬಂದು ಬಾಣಲೆಯಿಂದಲೇ ಉಪ್ಪಿಟ್ಟು ಬಾಚಿ ತಿನ್ನುತ್ತಿದ್ದಳು. ಅಷ್ಟು ಹಸಿವು, ಅಷ್ಟು ಮಾತು. ನನಗೂ ಈಜು ಕಲಿಸಿದಳು, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು. ಆ ಅಂಗೈ ಯಾವಾಗ ಇತ್ತು, ಯಾವಾಗ ಇರಲಿಲ್ಲ ಎನ್ನುವುದು ನನಗೆ ತಿಳಿಯಲೇ ಇಲ್ಲ. ಒಬ್ಬರು ಸಂತೋಷವಾಗಿರುವುದನ್ನು ಹತ್ತಿರದಿಂದ ನೋಡುವುದಕ್ಕಿಂತ ದೊಡ್ಡ ಪಾಠ ಮಕ್ಕಳಿಗೆ ಇನ್ನೊಂದಿಲ್ಲ ಎಂದು ನಾನು ನಂಬಿದ್ದರೆ, ಆ ದಡದಲ್ಲಿ ನಂಬಿದ್ದು.

ಒಂದು ಅಷ್ಟಮಿಯಿಂದ ಇನ್ನೊಂದಕ್ಕೆ ಕಾಯುವುದು ಅಮ್ಮನಿಗೆ ಕಷ್ಟವಾಗುತ್ತಿತ್ತು. ಆದರೆ ಅಜ್ಜಿಯ ಪಂಚಾಂಗ ಬಲು ಉದಾರ. ಚತುರ್ದಶಿ ಬಂತು, ಸಂಕ್ರಮಣ ಬಂತು. ಕೇಳರಿಯದ ಹೆಸರುಗಳೂ ಬಂದವು: ವ್ಯತೀಪಾತ, ವೈಧೃತಿ, ಮನ್ವಾದಿ. ವಾರಕ್ಕೆ ಎರಡು ಮೂರು ದಿನ ಅಮ್ಮನಿಗೆ ಸಮುದ್ರ ಸಿಗತೊಡಗಿತು. ಅಪ್ಪನಿಗೆ ರಕ್ತದ ಒತ್ತಡ ಓದಲು ಬರುತ್ತಿತ್ತೇ ಹೊರತು ಪಂಚಾಂಗ ಓದಲು ಬರುತ್ತಿರಲಿಲ್ಲ.

"ಇವತ್ತೂ ಪರ್ವಾನೇ ಏನಮ್ಮಾ?"

"ಇವತ್ತು ವೈಧೃತಿ. ನಿನಗೆ ಗೊತ್ತಾಗಲ್ಲ, ಕಾಫಿ ಕುಡಿ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಒಂದು ಕಾಲ ಬಂದಿತ್ತು. ಹೆಚ್ಚು ವರ್ಷ ಉಳಿಯಲಿಲ್ಲ. ಅಜ್ಜಿಗೆ ಉಬ್ಬಸ ಹತ್ತಿತು, ಆ ಚಳಿ ಇನ್ನು ಬೇಡವೆಂದು ಅಪ್ಪ ಅವಳನ್ನು ಮೈಸೂರಿಗೆ ಬಿಟ್ಟು ಬಂದರು. ಮುಂದಿನ ಬೇಸಿಗೆ ಬರುವ ಮೊದಲೇ ಅಲ್ಲಿ ತೀರಿಕೊಂಡಳು. ಆ ಬೇಸಿಗೆಯಲ್ಲಿ ಮಿಸೆಸ್ ಹ್ಯಾಡ್ಲಿ 'ಬರ್ತೀಯಾ' ಎಂದು ಬಾಗಿಲು ತಟ್ಟಿದಳು. ಇವತ್ತು ದಿನ ಚೆನ್ನಾಗಿಲ್ಲ ಎಂದು ಹೇಳಿಸಿ ಕಳಿಸಿದಳು ಅಮ್ಮ. ಮತ್ತೆ ತಟ್ಟಿದಳು, ಮತ್ತೆ ಅದೇ ಉತ್ತರ. ಅಷ್ಟಮಿ ಬಂತು, ಹೋಯಿತು. ಅಪ್ಪನೇ ಎರಡು ಸಲ "ಹೋಗಿ ಬಾರೇ" ಎಂದರು. ಅಮ್ಮ ಕೇಳಿಸದವಳಂತೆ ಪಾತ್ರೆ ಉಜ್ಜಿದಳು. ಪಂಚಾಂಗ ನೋಡಿ ಹೇಳುವವರಿಲ್ಲದೆ ಹೀಗಾಯಿತು, ಇಲ್ಲದಿದ್ದರೆ ಹೋಗುತ್ತಿದ್ದಳು ಎಂದು ನಾನು ಅಂದುಕೊಂಡೆ. ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆಮೇಲೆ ಅಪ್ಪನಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸವಾಗಿ ಸಮುದ್ರವೇ ಇಲ್ಲದ ಊರಿಗೆ ಹೋದೆವು. ನಾನು ಮದುವೆಯಾಗಿ ಇಲ್ಲಿಗೆ ಬಂದೆ.

ಮೊನ್ನೆ ಮೊನ್ನೆ ಮಗಳು ಕಂಪ್ಯೂಟರಿನಲ್ಲಿ ಆ ಓಣಿಯನ್ನು ತೋರಿಸಿದಳು. ಮನೆ ಇದೆ. ಬಾಗಿಲಿಗೆ ಹಳದಿ ಬಣ್ಣ ಬಂದಿದೆ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರಂತೆ. ಒಳಗಿನ ಫೋಟೋಗಳಲ್ಲಿ ಅಡುಗೆಮನೆಯ ಸೂರು ಗಳುಗಳಿಲ್ಲದೆ ನುಣ್ಣಗೆ ಬಿಳಿಯಾಗಿತ್ತು. ಅಷ್ಟು ನೋಡಿ ಸಾಕು ಮುಚ್ಚು ಎಂದೆ. ನಾನು ಮುದುಕಿಯಾದರೂ ಬೆಳೆದ ಮನೆ ಮನೆಯೇ.

ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಗೇ ಇದ್ದಾಳೆ. ಎಂಬತ್ತಾರು ವರ್ಷ, ಮಂಡಿ ಕೈಕೊಟ್ಟಿದೆ, ನಾಲಿಗೆ ಕೈಕೊಟ್ಟಿಲ್ಲ. ಇಂಡಿಯಾದಿಂದ ಬಂದ ನೆಂಟರನ್ನು ಸಮುದ್ರ ತೋರಿಸಲು ಕರೆದೊಯ್ದಾಗಲೆಲ್ಲ "ನೀವು ಹೋಗಿ ಬನ್ನಿ" ಎಂದು ಕಾರಿನಲ್ಲೇ ಕೂರುತ್ತಿದ್ದಳು. ಈ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಅನಿಕಾ ಈಜಿನ ಕ್ಲಾಸಿಗೆ ಸೇರಿದಳು. ಕರೆದುಕೊಂಡು ಹೋಗುವ ಡ್ಯೂಟಿ ನನ್ನದು, ಅಮ್ಮನೂ ಹೊತ್ತು ಕಳೆಯಲು ಬಂದು ನೆರಳಿನಲ್ಲಿ ಕೂರುತ್ತಾಳೆ. ಒಂದು ದಿನ ಅನಿಕಾ ತೊಟ್ಟಿಕ್ಕುತ್ತ ಬಂದು ಮುತ್ತಜ್ಜಿಯನ್ನು ಕೇಳಿದಳು:

"ಮುತ್ತಜ್ಜಿ, ಕ್ಯಾನ್ ಯೂ ಸ್ವಿಮ್?"

"ಬರುತ್ತೆ" ಎಂದಳು ಅಮ್ಮ, ಅಡುಗೆ ಬರುತ್ತೆ ಎನ್ನುವ ಹಾಗೆ.

"ನೋ ವೇ! ಶೋ ಮಿ!"

"ಈ ತೊಟ್ಟೀಲಿ ಯಾರು ಈಜ್ತಾರೆ. ಔಷಧಿ ವಾಸ್ನೆ." ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು, "ಒಂದು ಸಲ ಸಮುದ್ರಕ್ಕೆ ಇಳೀಬೇಕು ಅನ್ಸತ್ತೆ ಕಣೇ. ಇನ್ನು ಎಷ್ಟು ದಿನ."

ಇಷ್ಟು ವರ್ಷಗಳಲ್ಲಿ ಅವಳು ಅದನ್ನು ಬಾಯಿಬಿಟ್ಟು ಕೇಳಿರಲೇ ಇಲ್ಲ, ಅಲ್ಲಿಯೂ, ಇಲ್ಲಿಯೂ. ಅವಳ ಮನಸ್ಸು ಬದಲಾಗುವ ಮೊದಲು ಕರೆದೊಯ್ಯಬೇಕು. ಪೆಸಿಫಿಕ್ಕಿನ ಅಲೆಗೆ ಈ ವಯಸ್ಸಿನಲ್ಲಿ ಇಳಿಸುವಂತಿಲ್ಲ, ಆ ನೀರು ಆನೆಯನ್ನೂ ಎಳೆದುಕೊಳ್ಳುತ್ತದೆ. ಅಲಮೀಡಾದ ಕಡೆ ಕೊಲ್ಲಿಯ ನೀರು ತೆಳುವಾಗಿ, ಶಾಂತವಾಗಿ ಇರುತ್ತದೆ. ವಾರದ ನಡುವಿನ ಒಂದು ಬೆಳಿಗ್ಗೆ, ಫ್ರೀವೇ ಖಾಲಿಯಾಗುವ ಹೊತ್ತಿಗೆ, ವಾಕರನ್ನು ಡಿಕ್ಕಿಗೆ ಹಾಕಿಕೊಂಡು ಮೂವರೂ ಹೊರಟೆವು. ದಾರಿಯುದ್ದಕ್ಕೂ ಅಮ್ಮ ಮಡಿಲಿನಲ್ಲಿ ಟವೆಲು, ಒಣಸೀರೆ ಇಟ್ಟುಕೊಂಡು ಕುಳಿತಿದ್ದಳು. ಕಾರು ನಿಲ್ಲಿಸಿ ನಾನು ಅವಳ ಕಡೆಯ ಬಾಗಿಲು ತೆರೆದೆ. ನೀರು ನೋಡಿದಳು. "ಇದೇನೇ, ಕೆರೆ ಇದ್ದ ಹಾಗಿದೆ" ಎಂದಳು. ಇಳಿಯಲು ಒಂದು ಕಾಲು ಹೊರಗಿಟ್ಟವಳು ಹಾಗೇ ತಡೆದಳು.

"ಇವತ್ತು ಏನೇ?"

ನಾನು ನೋಡಿರಲಿಲ್ಲ. ಅನಿಕಾಳ ಕ್ಲಾಸು ಇಲ್ಲದ ದಿನ ಎಂದಷ್ಟೇ ನೋಡಿದ್ದೆ. ಇಲ್ಲಿಯವರೆಗೆ ಬಂದು, ಒಂದು ತಿಥಿಗೋಸ್ಕರ ಅವಳು ಮತ್ತೆ ಕಾಲು ಒಳಗೆಳೆದುಕೊಂಡರೆ? ಬಾಯಿಗೆ ಬಂದದ್ದನ್ನು ಹೇಳಿದೆ.

"ವೈಧೃತಿ ಅಮ್ಮಾ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ.

"ನಿಮ್ಮಜ್ಜಿನೂ ಹಿಂಗೇ. ಏನೂ ತೋಚದೇ ಇದ್ರೆ ವೈಧೃತಿ. ತಿಂಗಳಿಗೊಂದು ಸಲ ಬರೋದನ್ನ ವಾರಕ್ಕೊಂದು ಸಲ ತರೋರು."

"ಅಂದ್ರೆ?"

"ಅಂದ್ರೆ ಏನು, ಸುಳ್ಳು. ಅಷ್ಟಮಿ ಒಂದು ನಿಜ. ಮಿಕ್ಕಿದ್ದರಲ್ಲಿ ಮುಕ್ಕಾಲು ಸುಳ್ಳು."

ಕೈ ತೊಳೆದೆ ಎಂದು ಸುಳ್ಳು ಹೇಳಿದ್ದಕ್ಕೆ ನನ್ನನ್ನು ಊಟದ ಮುಂದಿನಿಂದ ಎಬ್ಬಿಸಿದ ಅಜ್ಜಿ. ಸ್ನಾನವಿಲ್ಲದೆ ನೀರು ಕುಡಿಯದ ಅಜ್ಜಿ. ದೇವರ ದೀಪ ಹಚ್ಚಿ ಬಂದು, ಅದೇ ಬಾಯಿಯಲ್ಲಿ, ಹೆತ್ತ ಮಗನ ಮುಂದೆ, ವಾರ ವಾರ.

"ನಿನಗೆ ಆಗ್ಲೇ ಗೊತ್ತಿತ್ತಾ?"

"ಶಾನುಭೋಗರ ಮಗಳು ಕಣೇ ನಾನು. ಪಂಚಾಂಗ ನೋಡಕ್ಕೆ ಬರಲ್ವಾ ನಂಗೆ?"

"ಮತ್ತೆ ಅಜ್ಜಿ ಹೋದ್ಮೇಲೆ ಯಾಕೆ ಬಿಟ್ಟುಬಿಟ್ಟೆ? ನೀನೇ ಒಂದು ವೈಧೃತಿ ಅಂತ ಹೇಳಿ ಹೋಗಬಹುದಿತ್ತಲ್ಲ."

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ನೀರಿನ ಕಡೆ ನೋಡಿದಳು. ನಗು ನಿಂತಿತ್ತು.

"ನನಗೋಸ್ಕರ ನಾನೇ ಸುಳ್ಳು ಹೇಳ್ಕೊಳಕ್ಕಾಗತ್ತೇನೇ? ಅದನ್ನ ಇನ್ನೊಬ್ರು ಹೇಳ್ಬೇಕು."

ಇಷ್ಟು ಹೇಳಿ ಕೈ ಚಾಚಿದಳು. ಅನಿಕಾ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಮರಳಿನಲ್ಲಿ ನಿಧಾನವಾಗಿ ನಡೆಸಿಕೊಂಡು ಹೋದೆವು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಸೀರೆಯ ನೆರಿಗೆಯೆಲ್ಲ ಮೇಲೆ ತೇಲಿತು. ಸೊಂಟದವರೆಗೆ ಬಂದಾಗ ಅಮ್ಮ ಮೊದಲು ಅನಿಕಾಳ ಕೈ ಬಿಡಿಸಿಕೊಂಡಳು, ಆಮೇಲೆ ನನ್ನದನ್ನು.